ಫಲಕದ ಮೇಲಿನ ಒಂದು ಪದ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ಗಾಯನ ವೃಂದದ ಮೊದಲ ಸಾರ್ವಜನಿಕ ಕಾರ್ಯಕ್ರಮಕ್ಕೆ ಸಭಾಂಗಣ ಕೇಳಲೆಂದು ನಗರದ ದಕ್ಷಿಣ ಭಾಗದ ಒಂದು ಕಚೇರಿಗೆ ಹೋಗಿದ್ದೆ. ಕೇಳಿದ ದಿನ ಖಾಲಿಯಿತ್ತು, ಬಾಡಿಗೆ ನಮಗೆ ಒಪ್ಪಿಗೆಯಾಗಿತ್ತು, ಮೈಕಿನವರ ಫೋನ್ ನಂಬರನ್ನು ವ್ಯವಸ್ಥಾಪಕರೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅರ್ಜಿಯ ‘ಕಾರ್ಯಕ್ರಮದ ವಿವರ’ ಎಂಬ ಸಾಲಿನಲ್ಲಿ ನಾನು ‘ಗೇ ಪುರುಷರ ವೃಂದಗಾನ’ ಎಂದು ಬರೆದದ್ದನ್ನು ಓದಿದ ಮೇಲೆ ಅವರು ಪೆನ್ನು ಕೆಳಗಿಟ್ಟು, “ಹಾಡೋದಕ್ಕೆ ನಮ್ಮದೇನೂ ಅಭ್ಯಂತರ ಇಲ್ಲ ಮೇಡಂ, ಆ ಪದ ಒಂದು ಬಿಟ್ಬಿಡಿ, ಹೊರಗಡೆ ಬೋರ್ಡಿನ ಮೇಲೆ ಬರುತ್ತಲ್ಲ” ಎಂದರು. ನಾನು ಅರ್ಜಿಯನ್ನು ವಾಪಸು ತೆಗೆದುಕೊಂಡು ಬಂದೆ. ಅವರು ಒರಟಾಗಿ ನಡೆದುಕೊಳ್ಳಲಿಲ್ಲ, ಕಾಫಿಯನ್ನೂ ತರಿಸಿದ್ದರು. ಆದ್ದರಿಂದ ಸಭಾಂಗಣದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯದಿರಲು ಇನ್ನೊಂದು ಕಾರಣವೂ ಇದೆ: ಕೆಲವು ವರ್ಷಗಳ ಹಿಂದೆ ಇದೇ ಮಾತನ್ನು ಇದೇ ಸೌಜನ್ಯದಿಂದ ನಾನೂ ಆಡಿದ್ದೆ.

ನಾನು ಮೂವತ್ತು ವರ್ಷಗಳಿಂದ ಮನೆಯಲ್ಲಿ ಸುಗಮ ಸಂಗೀತ ಹೇಳಿಕೊಡುತ್ತಿರುವವಳು. 2019ರಲ್ಲಿ ನನ್ನ ಹಳೆಯ ಶಿಷ್ಯನೊಬ್ಬ ಸ್ನೇಹಿತರು ನಾಲ್ವರನ್ನು ಕರೆದುಕೊಂಡು ಬಂದು, ತಾವೆಲ್ಲರೂ ಗೇ ಎಂದೂ, ವಾರಕ್ಕೊಮ್ಮೆ ಒಟ್ಟಿಗೆ ಕುಳಿತು ಕನ್ನಡ ಹಾಡು ಕಲಿಯುವ ಆಸೆಯಿದೆಯೆಂದೂ ಹೇಳಿದ. ಆ ಪದವನ್ನು ನನ್ನ ನಡುಮನೆಯಲ್ಲಿ ಕೇಳಿದ್ದು ಅದೇ ಮೊದಲು. ಹಾಡು ಕಲಿಸುತ್ತೇನೆ, ಆದರೆ ಅಕ್ಕಪಕ್ಕದವರಿಗೆ ಭಾವಗೀತೆಯ ಕ್ಲಾಸು ಎಂದು ಹೇಳೋಣ ಎಂದೆ. ಅವರು ಒಪ್ಪಿಕೊಂಡರು, ಅಂಥ ಷರತ್ತುಗಳನ್ನು ಒಪ್ಪಿಕೊಂಡೇ ಅಭ್ಯಾಸವಾದವರು. ಕೋವಿಡ್ ಬಂದಾಗ ಎಲ್ಲವೂ ನಿಂತಿತು. ಫೋನಿನ ಪರದೆಯಲ್ಲಿ ಐದು ಜನ ಒಟ್ಟಿಗೆ ಹಾಡಿದರೆ ಒಬ್ಬೊಬ್ಬರ ದನಿ ಒಂದೊಂದು ಗಳಿಗೆ ತಡವಾಗಿ ತಲುಪಿ ತಾಳವೆಂಬುದೇ ಉಳಿಯುವುದಿಲ್ಲ. 2022ರಲ್ಲಿ ಮತ್ತೆ ಕೂಡಿದೆವು. ಈಗ ಇಪ್ಪತ್ತಾರು ಜನರಿದ್ದಾರೆ, ನಡುಮನೆ ಸಾಲದೆ ಮಹಡಿಯ ಮೇಲಕ್ಕೆ ಹೋಗಿದ್ದೇವೆ. ಬ್ಯಾಂಕಿನವರು, ಪಿಯು ಕಾಲೇಜಿನ ಉಪನ್ಯಾಸಕರು, ಅಡುಗೆ ಕಂಟ್ರಾಕ್ಟಿನಲ್ಲಿ ಕೆಲಸ ಮಾಡುವ ಹಾಸನದ ಕಡೆಯ ಹುಡುಗ, ಊಟ ತಲುಪಿಸುವ ಬೈಕಿನಲ್ಲಿಯೇ ಬಂದು ಸಮವಸ್ತ್ರದಲ್ಲಿಯೇ ಹಾಡಿ ಹೋಗುವ ಇನ್ನೊಬ್ಬ, ಹೀಗೆ.

ಸಂಗೀತದ ವಿಷಯವನ್ನು ತುಸು ವಿವರಿಸಲು ಅವಕಾಶ ಕೊಡಿ, ಏಕೆಂದರೆ ಇಂಥ ತಂಡವೆಂದರೆ ಘೋಷಣೆ ಕೂಗುವವರ ಗುಂಪು ಎಂದೇ ಹಲವರು ತಿಳಿದಿದ್ದಾರೆ. ನಮ್ಮ ಸಮೂಹ ಗಾಯನದಲ್ಲಿ ಎಲ್ಲರೂ ಒಂದೇ ಧಾಟಿಯನ್ನು ಹಾಡುತ್ತೇವೆ. ಪಾಶ್ಚಾತ್ಯ ಪದ್ಧತಿಯ ಪುರುಷರ ವೃಂದದಲ್ಲಿ ಎತ್ತರದ ದನಿಯಿಂದ ತಗ್ಗಿನ ದನಿಯವರೆಗೆ ಮೊದಲ ಟೆನರ್, ಎರಡನೆಯ ಟೆನರ್, ಬ್ಯಾರಿಟೋನ್, ಬಾಸ್ ಎಂದು ನಾಲ್ಕು ಸಾಲುಗಳಿದ್ದು, ನಾಲ್ಕೂ ಬೇರೆ ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಸಾಗುತ್ತವೆ. ಫ್ರೇಜರ್ ಟೌನಿನ ಕಡೆ ಚರ್ಚಿನ ಗಾಯಕವೃಂದದಲ್ಲಿ ಬೆಳೆದ ಒಬ್ಬರು ಬಂದ ಮೇಲೆ ನಾವು ಇದನ್ನು ಕನ್ನಡಕ್ಕೆ ಹೊಂದಿಸಲು ಹೊರಟೆವು. ಗಮಕ ಹೆಚ್ಚಿರುವ ರಾಗಗಳಲ್ಲಿ ಸ್ವರ ಓಲಾಡುತ್ತಿರುವಾಗ ಉಳಿದ ಮೂರು ಸಾಲುಗಳು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಗಾಲಾಗುತ್ತವೆ. ಮೋಹನದಂಥ ರಾಗದಲ್ಲಿ ಗಾಂಧಾರವೂ ಪಂಚಮವೂ ನೇರವಾಗಿ ನಿಲ್ಲುವುದರಿಂದ ಕೆಲಸ ಸಲೀಸು. ಭಾರತೀಯ ಭಾಷೆಗಳಿಗೆ ಇದು ಹೊಂದುವುದೇ ಇಲ್ಲ ಎನ್ನುವವರು 1958ರಲ್ಲಿ ಆರಂಭವಾದ ಕಲ್ಕತ್ತಾ ಯೂತ್ ಕ್ವಾಯರ್ ಅನ್ನೂ, ಎಂ.ಬಿ. ಶ್ರೀನಿವಾಸನ್ ಅವರು ಕಟ್ಟಿದ ಮದ್ರಾಸ್ ಯೂತ್ ಕ್ವಾಯರ್ ಅನ್ನೂ ನೆನೆಯಬೇಕು. ನಮ್ಮ ಬಾಸ್ ಸಾಲಿನವರದು ಮಾತ್ರ ಪ್ರತಿವಾರವೂ ಒಂದೇ ದೂರು: “ನಮಗೆ ಹಾಡೆಲ್ಲಿದೆ ಮೇಡಂ, ಬರೀ ಷಡ್ಜ ಹಿಡಿಯೋದೇ ಆಯ್ತು.” ತಂಡದಲ್ಲಿ ಒಬ್ಬ ಟ್ರಾನ್ಸ್ ಯುವಕನಿದ್ದಾನೆ, ಅಂದರೆ ಹುಟ್ಟಿದಾಗ ಹೆಣ್ಣೆಂದು ಗುರುತಿಸಲಾಗಿದ್ದವನು. ಟೆಸ್ಟೋಸ್ಟೆರೋನ್ ಎಂಬ ಪುರುಷ ಹಾರ್ಮೋನಿನ ಚಿಕಿತ್ಸೆ ತೆಗೆದುಕೊಳ್ಳುವಾಗ ದನಿ ಕೆಲವು ತಿಂಗಳುಗಳಲ್ಲಿ ಒಡೆದು ಕೆಳಗಿಳಿಯುತ್ತದೆ. ಮೊದಲ ಟೆನರಿನಲ್ಲಿ ಆರಂಭಿಸಿದ ಅವನು ಒಂದೇ ವರ್ಷದಲ್ಲಿ ಬ್ಯಾರಿಟೋನಿಗೆ ಬಂದ. ಹದಿನಾಲ್ಕು ವರ್ಷದ ಹುಡುಗರ ದನಿ ಒಡೆಯುವುದನ್ನು ಕಂಡಿದ್ದ ನನಗೆ ಅದೇ ಪಾಠವನ್ನು ಇಪ್ಪತ್ತೇಳು ವರ್ಷದವನಿಗೆ ಮಾಡುವ ಭಾಗ್ಯವೂ ಬಂತು.

ಹೆಸರಿನ ಪ್ರಶ್ನೆ ಮೊದಲಿಗೆ ಎದ್ದದ್ದು ನಮ್ಮಲ್ಲಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನ್ ಸಿಮ್ಸ್ ಎಂಬ ಸಂಗೀತಗಾರ 1978ರ ಅಕ್ಟೋಬರ್ 30ರಂದು ಗೇ ಪುರುಷರ ವೃಂದವೊಂದರ ಮೊದಲ ಅಭ್ಯಾಸ ನಡೆಸಿದರು. ತಂಡದ ಹೆಸರಿನಲ್ಲಿಯೇ ‘ಗೇ’ ಎಂಬ ಪದ ಇತ್ತು, ಅಂದಿಗೆ ಅದು ಸಣ್ಣ ಸಾಹಸವಲ್ಲ. ಸರಿಯಾಗಿ ನಾಲ್ಕು ವಾರಗಳ ನಂತರ, ನವೆಂಬರ್ 27ರಂದು, ಆ ನಗರದ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡು ಚುನಾವಣೆ ಗೆದ್ದಿದ್ದ ಹಾರ್ವೆ ಮಿಲ್ಕ್ ಅವರನ್ನು ನಗರಸಭೆಯ ಕಟ್ಟಡದೊಳಗೇ ಗುಂಡಿಟ್ಟು ಕೊಲ್ಲಲಾಯಿತು. ಅಂದು ರಾತ್ರಿ ಮೇಣದಬತ್ತಿ ಹಿಡಿದು ಸೇರಿದ್ದ ಸಾವಿರಾರು ಜನರ ಮುಂದೆ, ಅದೇ ಕಟ್ಟಡದ ಮೆಟ್ಟಿಲುಗಳ ಮೇಲೆ ನಿಂತು ಈ ತಂಡ ಹಾಡಿತು. ಅದೇ ಅವರ ಮೊದಲ ಸಾರ್ವಜನಿಕ ಗಾಯನ. 1981ರಲ್ಲಿ ಅವರು ದೇಶದ ಹಲವು ನಗರಗಳಲ್ಲಿ ಪ್ರವಾಸ ಮಾಡಿದ ಮೇಲೆ ಇಂಥ ತಂಡಗಳು ಒಂದೊಂದಾಗಿ ಹುಟ್ಟಿಕೊಂಡವು. 1982ರಲ್ಲಿ ಅವುಗಳದೇ ಗಾಲಾ ಎಂಬ ಒಕ್ಕೂಟವಾಯಿತು. ಇಂದು ಅದರಲ್ಲಿ ನೂರಕ್ಕೂ ಹೆಚ್ಚು ತಂಡಗಳಿವೆ. ಎಲ್ಲರೂ ಆ ಪದವನ್ನು ಹೆಸರಿನಲ್ಲಿಟ್ಟುಕೊಂಡರೆಂದಲ್ಲ. ಡಲ್ಲಾಸ್‌ನಲ್ಲಿ 1980ರಲ್ಲಿ ಆರಂಭವಾದ ತಂಡ ಟರ್ಟಲ್ ಕ್ರೀಕ್ ಎಂಬ ಸ್ಥಳದ ಹೆಸರನ್ನಷ್ಟೇ ಇಟ್ಟುಕೊಂಡಿತು, ಚೆನ್ನಾಗಿ ಹಾಡಿ ಬೆಳೆಯಿತು ಕೂಡ. ಹಾಗಾಗಿ ಹೆಸರಿಲ್ಲದಿದ್ದರೆ ಹಾಡು ಕೆಡುತ್ತದೆ ಎಂಬುದು ನನ್ನ ವಾದವಲ್ಲ.

ಆದರೆ ಏಡ್ಸ್ ಬಂದ ಮೇಲೆ ಆ ಹೆಸರಿಗೆ ಬೇರೆಯೇ ಭಾರ ಬಂತು. ಜಾನ್ ಸಿಮ್ಸ್ 1984ರಲ್ಲಿ ತೀರಿಕೊಂಡರು, ತಂಡ ನೂರಾರು ಗಾಯಕರನ್ನು ಕಳೆದುಕೊಂಡಿತು. 1993ರಲ್ಲಿ ತೆಗೆದ ಅವರ ಒಂದು ಛಾಯಾಚಿತ್ರ ಪ್ರಸಿದ್ಧವಾಗಿದೆ. ಅದರಲ್ಲಿ ಬಿಳಿ ಅಂಗಿ ತೊಟ್ಟ ಬೆರಳೆಣಿಕೆಯ ಜನ ನಮ್ಮ ಕಡೆ ಮುಖ ಮಾಡಿದ್ದಾರೆ, ಅವರು ಮೊದಲ ತಂಡದಲ್ಲಿ ಉಳಿದವರು. ಸುತ್ತಲೂ ಕಪ್ಪು ಉಡುಪಿನಲ್ಲಿ ಬೆನ್ನು ತಿರುಗಿಸಿ ನಿಂತವರು ಸತ್ತವರ ಸ್ಥಾನದಲ್ಲಿ ನಿಂತವರು. ಆ ಚಿತ್ರವನ್ನು ನಮ್ಮ ಹುಡುಗರು ನನಗೆ ತೋರಿಸಿದ ಸಂಜೆ ಅಭ್ಯಾಸ ನಡೆಯಲಿಲ್ಲ.

ಬೆಂಗಳೂರು ಈ ವಿಷಯದಲ್ಲಿ ಹಿಂದುಳಿದ ಊರೇನಲ್ಲ. ಗುಡ್ ಆ್ಯಸ್ ಯೂ ಎಂಬ ಬೆಂಬಲ ಗುಂಪು ಇಲ್ಲಿ 1994ರಿಂದ ಇದೆ, ಪ್ರೈಡ್ ಮೆರವಣಿಗೆ 2008ರಲ್ಲಿ ಆರಂಭವಾಯಿತು. ಮುಂಬೈಯಲ್ಲಿ ರೈನ್‌ಬೋ ವಾಯ್ಸಸ್ ಎಂಬ ಗಾಯಕವೃಂದವಿದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೇ ಕಲಮಿನ ವಿಷಯದಲ್ಲಿ 2009ರಲ್ಲಿ ದೆಹಲಿ ಹೈಕೋರ್ಟ್ ನೀಡಿದ ಬಿಡುಗಡೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಹಿಂದಕ್ಕೆ ಪಡೆದು, 2018ರ ಸೆಪ್ಟೆಂಬರ್ 6ರಂದು ತಾನೇ ಮತ್ತೆ ಕೊಟ್ಟಿತು. ಆ ಕೊನೆಯ ತೀರ್ಪಿನಲ್ಲಿ ನ್ಯಾಯಮೂರ್ತಿ ನಾರಿಮನ್ ಅವರು, ತೀರ್ಪಿಗೆ ಮಾಧ್ಯಮಗಳ ಮೂಲಕ ವ್ಯಾಪಕ ಪ್ರಚಾರ ಕೊಡಬೇಕೆಂದೂ ಅಧಿಕಾರಿಗಳಿಗೆ ತಿಳಿವಳಿಕೆ ನೀಡಬೇಕೆಂದೂ ಕೇಂದ್ರ ಸರ್ಕಾರಕ್ಕೆ ಸೂಚಿಸಿದ್ದರು. ಆ ಪ್ರಚಾರ ಸಭಾಂಗಣದ ಬುಕಿಂಗ್ ಮೇಜಿನವರೆಗೆ ಬಂದಂತೆ ಕಾಣಲಿಲ್ಲ. ಇಷ್ಟಕ್ಕೂ, ತೃತೀಯ ಲಿಂಗಿಯಾದ ಮಂಜಮ್ಮ ಜೋಗತಿ ಅವರನ್ನು ಜಾನಪದ ಅಕಾಡೆಮಿಯ ಅಧ್ಯಕ್ಷರನ್ನಾಗಿ ಮಾಡಿದ ರಾಜ್ಯ ನಮ್ಮದು.

ಹಾಡುವವರು ಯಾರೆಂಬುದನ್ನು ಹೇಳಿಯೇ ಹಾಡುವುದು ಕನ್ನಡಕ್ಕೆ ಹೊಸದಲ್ಲ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯವರೂ, 1975ರಲ್ಲಿ ಆರಂಭವಾದ ‘ಸಮುದಾಯ’ ಎಂಬ ರಂಗತಂಡದವರೂ ಬೀದಿಯಲ್ಲಿ ನಿಂತು ಹಾಡಿದಾಗ, ಹಾಡಿನಷ್ಟೇ ಹಾಡುತ್ತಿರುವವರೂ ಮುಖ್ಯರಾಗಿದ್ದರು. ಇನ್ನು ಗಂಡಸರು ತಮ್ಮನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಕರೆದು ಹಾಡಿದ ವಚನಗಳು ಹನ್ನೆರಡನೆಯ ಶತಮಾನದಿಂದ ನಮ್ಮ ನಾಲಿಗೆಯ ಮೇಲಿವೆ. ಅದು ಭಕ್ತಿಯ ಭಾವ, ಅದನ್ನು ಎಳೆದು ತಂದು ಈ ಹುಡುಗರ ಬದುಕಿಗೆ ಸಾಕ್ಷಿಯಾಗಿ ನಿಲ್ಲಿಸುವ ಉದ್ದೇಶ ನನಗಿಲ್ಲ. ಆದರೆ ಗಂಡಿನ ದನಿಯಲ್ಲಿ ಅಂಥ ಮಾತು ಕೇಳಿದರೆ ಸಭಾಂಗಣದ ಮರ್ಯಾದೆ ಹೋಗುತ್ತದೆ ಎಂಬ ಹೆದರಿಕೆಯಂತೂ ನಮ್ಮ ಪರಂಪರೆಯದಲ್ಲ.

ಪದ ಯಾವುದಿರಬೇಕೆಂಬ ಬಗ್ಗೆ ನಮ್ಮ ಮಹಡಿಯ ಮೇಲೆ ಎರಡು ಭಾನುವಾರ ಜಗಳವೇ ಆಯಿತು. ಪತ್ರಿಕೆಗಳು ಹೆಚ್ಚಾಗಿ ಬಳಸುವ ‘ಸಲಿಂಗಕಾಮಿ’ ಯಾರಿಗೂ ಬೇಡವಾಗಿತ್ತು. ‘ಸಲಿಂಗಿ’ ಇರಲಿ ಎಂದು ನಾನು ಹೇಳಿದೆ. ಉಪನ್ಯಾಸಕರು, “ನಾನು ಅಮ್ಮನಿಗೆ ಹೇಳಿದ್ದು ಗೇ ಅಂತಲೇ ಮೇಡಂ. ಕಾಮ ಅನ್ನೋ ಮಾತನ್ನ ಅವರ ಎದುರು ಹೇಗೆ ಆಡಲಿ?” ಎಂದರು. ಬಸ್ಸು, ಕಾಫಿ, ಬ್ಯಾಂಕುಗಳನ್ನು ಕನ್ನಡವಾಗಿಸಿಕೊಂಡವರಿಗೆ ಎರಡು ಮಾತ್ರೆಯ ಈ ಪದ ಭಾರವಾಗಲಾರದು. ನೀವೂ ನಿಮ್ಮ ಪುಟಗಳಲ್ಲಿ ಹಳೆಯ ಪದವನ್ನು ಕೈಬಿಡುವುದನ್ನು ಪರಿಶೀಲಿಸಬೇಕೆಂದು ವಿನಂತಿ.

ನನ್ನ ಮನಸ್ಸು ಬದಲಾದದ್ದು ವಾದದಿಂದಲ್ಲ. 2024ರಲ್ಲಿ ಅರವತ್ತರ ಹತ್ತಿರದ ಒಬ್ಬರು ಯಾರಿಂದಲೋ ವಿಷಯ ತಿಳಿದು ಅಂಜುತ್ತಲೇ ಮೆಟ್ಟಿಲು ಹತ್ತಿ ಬಂದರು. ಕಾರ್ಖಾನೆಯ ಕೆಲಸದಿಂದ ಸ್ವಯಂ ನಿವೃತ್ತಿ ಪಡೆದವರು, ಒಂಟಿಯಾಗಿರುವವರು, ಮನೆ ನಮ್ಮಿಂದ ಎರಡು ಬೀದಿ ಆಚೆ. “ಎರಡು ವರ್ಷದಿಂದ ಭಾನುವಾರ ಸಂಜೆ ತರಕಾರಿ ಚೀಲ ಹಿಡ್ಕೊಂಡು ಇದೇ ಮನೆ ಮುಂದೆ ಹೋಗ್ತಿದ್ದೆ. ಹಾಡು ಕೇಳಿಸ್ತಿತ್ತು. ಭಾವಗೀತೆ ಕ್ಲಾಸು ಅಂದ್ರು, ಸುಮ್ಮನಾದೆ” ಎಂದರು. ಆ ಸುಳ್ಳು ನನ್ನದು. ಈಗ ಅವರು ಬಾಸ್ ಸಾಲಿನಲ್ಲಿದ್ದಾರೆ, ಷಡ್ಜ ಹಿಡಿಯುವುದಕ್ಕೆ ಗೊಣಗದವರು ಅವರೊಬ್ಬರೇ.

ನಾನು ಕೇಳುವುದು ರಿಯಾಯಿತಿಯನ್ನಲ್ಲ. ಸಾರ್ವಜನಿಕರ ಹಣದಿಂದ ನಡೆಯುವ ಸಭಾಂಗಣಗಳು ಭಜನಾ ಮಂಡಳಿಗೂ ನಾಟಕ ತಂಡಕ್ಕೂ ಹಾಕುವ ಷರತ್ತುಗಳನ್ನೇ, ಅಂದರೆ ದಿನ, ಬಾಡಿಗೆ, ಮುಗಿಸುವ ಸಮಯ, ಇಷ್ಟನ್ನೇ ನಮಗೂ ಹಾಕಲಿ. ತಂಡವು ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಎಂಬುದನ್ನು ತಿದ್ದುವ ಅಧಿಕಾರ ಬುಕಿಂಗ್ ಮೇಜಿಗೆ ಇಲ್ಲವೆಂದು ಸಂಬಂಧಪಟ್ಟ ಇಲಾಖೆ ಒಂದು ಸಾಲಿನ ಸುತ್ತೋಲೆ ಹೊರಡಿಸಿದರೆ ಸಾಕು.

ನನ್ನ ಹೆಸರನ್ನು ಪ್ರಕಟಿಸಬಾರದೆಂದು ಕೋರುತ್ತೇನೆ. ಪದ ಮರೆಮಾಚಬಾರದೆನ್ನುವವಳು ತನ್ನ ಹೆಸರನ್ನೇ ಮರೆಮಾಚುವುದು ವಿಚಿತ್ರವಾಗಿ ಕಾಣಬಹುದು. ತಂಡದ ಅರ್ಧದಷ್ಟು ಜನ ಇನ್ನೂ ಮನೆಯಲ್ಲಿ ಹೇಳಿಲ್ಲ, ನನ್ನ ಮನೆಗೆ ಭಾನುವಾರ ಯಾರು ಯಾರು ಬರುತ್ತಾರೆಂಬುದು ಬೀದಿಗೆಲ್ಲ ಗೊತ್ತು. ವೃಂದದ ಹೆಸರು ಎಲ್ಲರದು, ಅದನ್ನು ಫಲಕದ ಮೇಲೆ ಬರೆಯಬಹುದು. ಒಬ್ಬೊಬ್ಬರ ಹೆಸರು ಅವರವರದು.

ಈ ವಾರ ಇನ್ನೊಂದು ಸಭಾಂಗಣಕ್ಕೆ ಅರ್ಜಿ ಕೊಡುತ್ತಿದ್ದೇನೆ, ವಿವರದ ಸಾಲಿನಲ್ಲಿ ಅದೇ ಮೂರು ಪದಗಳಿವೆ. ದಿನ ನಿಗದಿಯಾದರೆ ನಿಮ್ಮ ‘ನಗರದಲ್ಲಿ ಇಂದು’ ಅಂಕಣಕ್ಕೂ ಕಳುಹಿಸುತ್ತೇನೆ, ಒಂದು ಪದವನ್ನೂ ಬಿಡದೆ ಪ್ರಕಟಿಸಬೇಕೆಂದು ಪ್ರಾರ್ಥನೆ.

ಇಂತಿ,
ಒಬ್ಬ ಸಂಗೀತ ಶಿಕ್ಷಕಿ
ಹನುಮಂತನಗರ, ಬೆಂಗಳೂರು