ಸಣ್ಣ ವಿಷಯ ಅಂತ ನುಂಗ್ಕೋಬೇಡ ಪುಟ್ಟಿ

ಪುಟ್ಟಿ,

ನಿನ್ನೆ ಫೋನಲ್ಲಿ "ಏನಿಲ್ಲಮ್ಮಾ, ಸಣ್ಣ ವಿಷಯ, ಬಿಡು" ಅಂದೆಯಲ್ಲ, ಆಮೇಲೆ ನಂಗೆ ನಿದ್ದೆನೇ ಬರ್ಲಿಲ್ಲ. ಮೀಟಿಂಗ್‌ನಲ್ಲಿ ನೀನು ಐಡಿಯಾ ಹೇಳ್ದಾಗ ಯಾರೂ ಲ್ಯಾಪ್‌ಟಾಪಿಂದ ತಲೆ ಎತ್ತಲಿಲ್ಲ, ಸ್ವಲ್ಪ ಹೊತ್ತಾದ್ಮೇಲೆ ಪಕ್ಕದೋನು ಅದನ್ನೇ ಹೇಳಿದ್ರೆ "ಸೂಪರ್" ಅಂದ್ರು, ನೋಟ್ಸ್ ಬರ್ಕೊಳ್ಳೋದು ಮಾತ್ರ ಪ್ರತಿ ಸಲ ನಿನ್ ಪಾಲಿಗೇ. ಎಲ್ರಿಗೂ ಇಂಗ್ಲಿಷ್ ಬಂದ್ರೂ ಅರ್ಧಕ್ಕೆ ಹಿಂದಿಗೆ ಹೋಗ್ತಾರೆ, ನೀನು ಕೇಳಿದ್ರೆ "ಇನ್ನೂ ಕಲ್ತಿಲ್ವಾ" ಅಂತ ನಗ್ತಾರೆ. ನಮ್ಮೂರಲ್ಲೇ ಕೂತು ಇದನ್ನ ಕೇಳಿಸ್ಕೋಬೇಕಾ ಅಂತ ಹೊಟ್ಟೆ ಉರೀತು ನಂಗೆ.

ಇದು ನಿನ್ನ ಭ್ರಮೆ ಅಲ್ಲ. ಅಮೆರಿಕದ ಮನೋವೈದ್ಯ ಚೆಸ್ಟರ್ ಪಿಯರ್ಸ್ 1970ರ ಸುಮಾರಿಗೇ ಇಂಥದ್ದನ್ನ ಮೈಕ್ರೋಅಗ್ರೆಷನ್ ಅಂತ ಕರೆದಿದ್ರು, ಅಲ್ಲಿನ ಕಪ್ಪು ಜನ ದಿನಾ ನುಂಗ್ತಿದ್ದ ಅವಮಾನಗಳನ್ನ ನೋಡಿ. ಒಂದೊಂದೂ ಚಿಲ್ಲರೆ ಅನ್ಸುತ್ತೆ, ಸೇರ್ತಾ ಸೇರ್ತಾ ಮನುಷ್ಯನ್ನ ಕುಗ್ಗಿಸಿಬಿಡುತ್ತೆ.

ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬೆಂದು ಬಂದೋರು ಒಂದಿನ ಸಿಡುಕಿದ್ರೆ ಬಿಟ್ಬಿಡು. ಅದೇ ಮನುಷ್ಯ ಅದನ್ನೇ ಪದೇ ಪದೇ, ಅದೂ ನಿನ್ ಜೊತೆ ಮಾತ್ರ ಮಾಡ್ತಿದ್ರೆ ಅಲ್ಲೇ ಹೇಳು, ಆಗ್ಲೇ ಹೇಳು, ಮೂರು ದಿನ ಮನಸ್ಸಲ್ಲಿ ಕುದಿಸ್ಕೊಂಡು ಆಮೇಲೆ ಸ್ಫೋಟ ಆಗೋದು ಬೇಡ. "ನಾನು ಆಗ್ಲೇ ಹೇಳಿದ್ದು ಇದನ್ನೇ, ಮುಂದಿಂದನ್ನ ನಾನೇ ವಿವರಿಸ್ತೀನಿ" ಅನ್ನು, ಸಾಕು. ನೋಟ್ಸ್‌ಗೆ "ಈ ಸಲ ಬೇರೆಯವರು ಬರ್ಕೊಳ್ಳಿ, ನಾನು ಮಾತಾಡೋದಿದೆ" ಅನ್ನು. ಚುಚ್ಚಿ ಜೋಕ್ ಮಾಡಿದ್ರೆ ನಗಬೇಡ, "ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಿ" ಅನ್ನು, ಎರಡನೇ ಸಲ ಹೇಳೋಕೆ ಅವರಿಗೇ ಮುಜುಗರ ಆಗುತ್ತೆ.

ನಮ್ ಆಫೀಸಲ್ಲೂ ಗಂಡಸರಿಗೆಲ್ಲ "ಸರ್", ನಂಗೆ ಮಾತ್ರ "ಏನಮ್ಮಾ, ಆ ಫೈಲ್ ತಾ". ಒಂದಿನ ಎಲ್ರೆದುರಿಗೇ, ದನಿ ಏರಿಸದೇ, "ನನ್ ಹೆಸರು ಹಿಡಿದು ಕರೀರಿ ಸರ್" ಅಂದೆ. ಅವರು ಪೆನ್ನಿನ ಕ್ಯಾಪ್ ತೆಗೆಯೋದು ಹಾಕೋದು, ತೆಗೆಯೋದು ಹಾಕೋದು, ಮಾತೇ ಇಲ್ಲ. ಮಾರನೇ ದಿನದಿಂದ ಹೆಸರು ಬಂತು.

ಮೀಟಿಂಗ್ ಮುಗಿದ ತಕ್ಷಣ ನಿನ್ ಐಡಿಯಾನ ಮೇಲ್‌ನಲ್ಲಿ ಹಾಕ್ಬಿಡು, ನಿನ್ ಹೆಸರಲ್ಲಿ ರೆಕಾರ್ಡ್ ಇರುತ್ತೆ. ಯಾರು, ಯಾವತ್ತು, ಏನಂದ್ರು, ಎದುರಿಗೆ ಯಾರಿದ್ರು, ಎಲ್ಲಾ ನಿನ್ ಸ್ವಂತ ಫೋನಲ್ಲಿ ಬರ್ದಿಡು, ಆಫೀಸ್ ಲ್ಯಾಪ್‌ಟಾಪಲ್ಲಿ ಬೇಡ. ಮೈ ಬಗ್ಗೆ, ಬಟ್ಟೆ ಬಗ್ಗೆ ಅಸಹ್ಯವಾಗಿ ಮಾತಾಡೋಕೆ ಶುರು ಮಾಡಿದ್ರೆ ಮಾತ್ರ ಇಷ್ಟಕ್ಕೇ ನಿಲ್ಬೇಡ. ಕೆಲಸದ ಜಾಗದಲ್ಲಿ ಹೆಂಗಸರಿಗಾಗೋ ಲೈಂಗಿಕ ಕಿರುಕುಳ ತಡೆಯೋ 2013ರ ಕಾನೂನು ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಇಂಥ ದೂರು ಕೇಳೋಕೆ ಆಂತರಿಕ ಸಮಿತಿ ಇರ್ಲೇಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರ್ಬೇಕು, ಘಟನೆ ಆಗಿ 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡ್ಬೇಕು. ಈ 3 ತಿಂಗಳನ್ನ ಎಷ್ಟೋ ಹುಡ್ಗೀರು ಸುಮ್ನೆ ಕಳ್ಕೋತಾರೆ.

ಐಡಿಯಾ ಕದಿಯೋದು, ಕಡೆಗಣಿಸೋದು ಆ ಸಮಿತಿಗೆ ಬರಲ್ಲ, ಅದಕ್ಕೆ ಮ್ಯಾನೇಜರ್ ಹತ್ರಾನೇ ಹೋಗ್ಬೇಕು. ಭಾನುವಾರ ವೈಟ್‌ಫೀಲ್ಡಿಂದ ಮೆಟ್ರೋ ಹತ್ತು, ಮೆಜೆಸ್ಟಿಕ್‌ನಲ್ಲಿ ಲೈನ್ ಬದಲಾಯಿಸಿ ನ್ಯಾಷನಲ್ ಕಾಲೇಜಲ್ಲಿ ಇಳ್ಕೋ, ಅಪ್ಪ ಬಂದು ಕರ್ಕೊಂಡ್ ಬರ್ತಾರೆ. ಬರ್ದಿಟ್ಟಿದ್ದೆಲ್ಲಾ ತಗೊಂಡ್ ಬಾ, ಮ್ಯಾನೇಜರ್‌ಗೆ ಮೇಲ್ ಹೆಂಗೆ ಹಾಕ್ಬೇಕು ಅಂತ ಕೂತು ನೋಡೋಣ. ಅವರೂ ಕಿವಿಗೆ ಹಾಕ್ಕೊಳ್ಳಿಲ್ಲ ಅಂದ್ರೆ ಬೇರೆ ಕೆಲಸ ಹುಡ್ಕು, ಸಿಗೋವರೆಗೂ ಬಾಡಿಗೆ ನಾವು ಕಟ್ತೀವಿ.

ಅಮ್ಮ