ಪಾದ್ರಿ ಮಾಮ್ ಕಲಿಸಿದ ಕನ್ನಡ

ಎಲ್ಲರಿಗೂ ನಮಸ್ಕಾರ.

ಈ ಸಲ ಸಂಪಾದಕೀಯದಲ್ಲಿ ನಮ್ಮ ಕನ್ನಡ ಸಂಘದ ಸುದ್ದಿ ಕಡಿಮೆ. ಜುಲೈಯಲ್ಲಿ ಅಮ್ಮನ ಅಣ್ಣ ತೀರಿಕೊಂಡರು. ಅವರು ಕೆಥೋಲಿಕ್ ಪಾದ್ರಿ, ಉಡುಪಿ ಕಡೆಯ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ಕನ್ನಡ ಮಾಸ್ಟ್ರು. ಊರಿಗೆಲ್ಲ ಫಾದರ್, ನಮಗೆ ಪಾದ್ರಿ ಮಾಮ್. ನಾನು ಈ ಪತ್ರಿಕೆಯನ್ನು ಕನ್ನಡದಲ್ಲಿ ತರುತ್ತಿದ್ದೇನೆ ಅಂದರೆ ಅದು ಅವರಿಂದ. ಹಾಗಾಗಿ ಅವರ ಬಗ್ಗೆ ಇಲ್ಲೇ ಬರೆಯಬೇಕು ಅನ್ನಿಸಿತು.

ನಮ್ಮ ಮನೆಮಾತು ಕೊಂಕಣಿ. ಗದ್ದೆಯಲ್ಲಿ, ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ ತುಳು. ಕನ್ನಡ ಮಾತಾಡುವುದು ಶಾಲೆಯಲ್ಲಿ ಮಾತ್ರ. ಆದರೆ ಅಕ್ಷರ ನಮಗೆ ಹೊಸದಲ್ಲ, ಯಾಕೆಂದರೆ ನಮ್ಮ ಕಡೆ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. 1938ರಲ್ಲಿ ಮಂಗಳೂರಿನಲ್ಲಿ ಶುರುವಾದ ‘ರಾಕ್ಣೊ’ ವಾರಪತ್ರಿಕೆಯನ್ನು ನನ್ನ ಅಜ್ಜಿ ಓದುತ್ತಿದ್ದದ್ದು ಆ ಲಿಪಿಯಲ್ಲೇ. ಮಾಮ್ ರಜೆಯಲ್ಲಿ ಮನೆಗೆ ಬಂದಾಗ, ರಾತ್ರಿ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದು, ನಾವು ಮಕ್ಕಳೆಲ್ಲ ಹಿರಿಯರ ಹತ್ತಿರ ಬೆಸಾಂವ್ (ಆಶೀರ್ವಾದ) ಕೇಳಿ ಆದ ಮೇಲೆ, ಊಟಕ್ಕೆ ಕರೆಯುವವರೆಗೆ ಕನ್ನಡ ಪೇಪರ್ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ. ಆ ಸಾಲನ್ನು ತಾವೇ ಒಮ್ಮೆ ಓದುವುದು, ನಾವು ಮತ್ತೆ ಓದುವುದು. ಅಷ್ಟೇ.

ಅವರ ಕ್ಲಾಸಿನಲ್ಲಿ ತುಳುವಿನ ಮಕ್ಕಳು, ಕೊಂಕಣಿಯ ಮಕ್ಕಳು, ಬ್ಯಾರಿ ಮಾತಾಡುವವರು, ಕುಂದಾಪುರ ಕನ್ನಡದವರು ಎಲ್ಲ ಇದ್ದರು. ಪಾಠಪುಸ್ತಕದ ಕನ್ನಡ ಯಾರ ಮನೆಯಲ್ಲೂ ಇರಲಿಲ್ಲ. ಮಾಮ್ ಮನೆಯಲ್ಲೂ ಇರಲಿಲ್ಲ ಅಲ್ವಾ, ಅದಕ್ಕೇ ಮಕ್ಕಳಿಗೆ ಎಲ್ಲಿ ಕಷ್ಟ ಆಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ತುಳು ಕಲಸಿ ಮಾತಾಡಿದ ಮಗುವನ್ನು ನೋಡಿ ಯಾರಾದರೂ ನಕ್ಕರೆ ಮಾತ್ರ ಅವರಿಗೆ ನಿಜವಾಗಿ ಸಿಟ್ಟು ಬರುತ್ತಿತ್ತು. ಹಳೆ ಕಾವ್ಯದ ಪದ್ಯ ಬಂದಾಗ ಯಕ್ಷಗಾನದವರ ಮನೆಯ ಹುಡುಗ ಯಾರಾದರೂ ಇದ್ದಾನಾ ಅಂತ ಕೇಳುತ್ತಿದ್ದರು. ಇದ್ದರೆ ಆ ಹುಡುಗನನ್ನು ಎದುರು ನಿಲ್ಲಿಸಿ, ಭಾಗವತರು ಹಾಡುವ ಹಾಗೆ ಭಾಮಿನಿ ಷಟ್ಪದಿ ಹಾಡಿಸುವುದು. ಮಾತ್ರೆ ಎಣಿಸುವ ಕೆಲಸ ಆಮೇಲೆ. ಲೆಕ್ಕದಲ್ಲೂ ಇಂಗ್ಲಿಷಿನಲ್ಲೂ ಹಿಂದೆ ಇದ್ದ ಹುಡುಗ ಆ ದಿನ ಇಡೀ ಕ್ಲಾಸಿಗೆ ಕಲಿಸಿದವನಾಗುತ್ತಿದ್ದ. ಇಂಥ ಕನ್ನಡ ಪಾಠ ಇನ್ನೆಲ್ಲಿ ಸಿಗುತ್ತದೆ ಹೇಳಿ.

ಮಾಮ್ ಮಂಗಳೂರಿನ ಜಪ್ಪುವಿನ ಸೆಮಿನರಿಯಲ್ಲಿ, ಅಂದರೆ ಪಾದ್ರಿಗಳಾಗುವವರ ಶಾಲೆಯಲ್ಲಿ, ಕಲಿತವರು. ಆಗ ಪೂಜೆ ಲ್ಯಾಟಿನ್‌ನಲ್ಲಿ. 1962ರಿಂದ 1965ರವರೆಗೆ ನಡೆದ, ಕೆಥೋಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಆಯಾ ಊರಿನ ಭಾಷೆಗೆ ಬಂತು. ಕಲಿತದ್ದನ್ನೆಲ್ಲ ಮತ್ತೆ ಕೊಂಕಣಿಯಲ್ಲಿ, ಕನ್ನಡದಲ್ಲಿ ಕಲಿಯಬೇಕಾಯಿತು. “ಆ ಮೇಲೆ ಜನ ನನ್ನ ಮುಖ ನೋಡಿ ಉತ್ತರ ಕೊಡಲು ಶುರು ಮಾಡಿದರು” ಅಂತ ಅವರು ತುಂಬಾ ಖುಷಿಯಿಂದ ಹೇಳುತ್ತಿದ್ದರು.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ನಮ್ಮ ಊರಿನದು ಅನ್ನುವುದು ಅವರಿಗೆ ದೊಡ್ಡ ಹೆಮ್ಮೆ. 1843ರ ಜುಲೈ 1ರಂದು, ಕಲ್ಲಚ್ಚಿನಲ್ಲಿ, ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಹೊರತಂದದ್ದು. ಮೋಗ್ಲಿಂಗ್ ಪ್ರೊಟೆಸ್ಟೆಂಟ್, ಜರ್ಮನಿಯವರು. “ಕನ್ನಡ ಕಲಿತು ಕನ್ನಡದವರಿಗೇ ಪತ್ರಿಕೆ ಕೊಟ್ಟರು ನೋಡು” ಅನ್ನುತ್ತಿದ್ದರು ಮಾಮ್. ನನಗೆ ಸಂಪಾದಕರ ಕೆಲಸ ಸಿಕ್ಕಿದೆ ಅಂತ ಫೋನ್ ಮಾಡಿದಾಗಲೂ ಮೊದಲು ಹೇಳಿದ್ದು ಇದೇ ಕತೆ.

ಆಮೇಲೆ ನಮ್ಮ ಪ್ರತಿ ಸಂಚಿಕೆಯನ್ನೂ ನನ್ನ ತಂಗಿಯಿಂದ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ತಿದ್ದಿ ಇಡುತ್ತಿದ್ದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮೇರಿಯಮ್ಮನ ಹುಟ್ಟುಹಬ್ಬ, ನಮಗೆ ತೆನೆಹಬ್ಬವೂ ಹೌದು) ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಸ ತೆನೆ ಆಶೀರ್ವಾದ ಮಾಡಿ ಮನೆಮನೆಗೆ ಕೊಡುತ್ತಾರೆ, ಪರವೂರಿನಲ್ಲಿ ಇರುವವರಿಗೆ ಆ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುವ ಕ್ರಮ ಇದೆ. ಆ ಕಾಳಿನ ಜೊತೆ ತಿದ್ದಿದ ಹಾಳೆಗಳೂ ಬರುತ್ತಿದ್ದವು. ಈ ವರ್ಷ ಕಾಳು ಮಾತ್ರ ಬಂದಿದೆ. ತಂಗಿ ಕಳುಹಿಸಿದ್ದಾಳೆ.

ಅಂತ್ಯಸಂಸ್ಕಾರಕ್ಕೆ ಹೋಗಲು ನನಗೆ ಆಗಲಿಲ್ಲ. ಜೋರು ಮಳೆಯಲ್ಲೂ ಹಳೆ ವಿದ್ಯಾರ್ಥಿಗಳು ತುಂಬಾ ಬಂದಿದ್ದರಂತೆ, ಎಲ್ಲ ಜಾತಿಯವರು, ಎಲ್ಲ ಧರ್ಮದವರು. ಮಲ್ಪೆಯಲ್ಲಿ ಬೋಟ್ ಇರುವ ಒಬ್ಬರು, ಮಾಮ್ ಎಂದೋ ಬರೆದ ಪೋಸ್ಟ್‌ಕಾರ್ಡ್ ಅನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ತಂದಿದ್ದರಂತೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಪಾಸಾದದ್ದಕ್ಕೆ ಬರೆದ ಶುಭಾಶಯ ಅದು.

ಪರಿಚಯ ಆದ ಹೊಸದರಲ್ಲಿ ಕೆಲವರು ನನ್ನನ್ನು “ನೀವು ಕೊಂಕಣಿಯವರು, ಆದರೂ ಕನ್ನಡ ಸಂಘಕ್ಕೆ ಇಷ್ಟು ಮಾಡ್ತೀರಲ್ಲ” ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಆ ‘ಆದರೂ’ ನನಗೆ ಒಪ್ಪಿಗೆ ಇಲ್ಲ. ನಮ್ಮ ಸಂಘದಲ್ಲೇ ನೋಡಿ, ಮನೆಯಲ್ಲಿ ತುಳು, ಕೊಡವ, ಉರ್ದು, ತೆಲುಗು ಮಾತಾಡುವವರು ಎಷ್ಟು ಜನ ಇದ್ದಾರೆ! ಇವರಿಗೆಲ್ಲ ಯಾರೋ ಒಬ್ಬ ಮಾಸ್ಟ್ರೋ ಟೀಚರೋ ಕೂತು ಕನ್ನಡ ಕಲಿಸಿದ್ದಾರೆ. ಅವರ ಹೆಸರು ಎಲ್ಲೂ ಅಚ್ಚಾಗಿಲ್ಲ.

ಹಾಗಾಗಿ ನವೆಂಬರ್‌ನ ರಾಜ್ಯೋತ್ಸವ ಸಂಚಿಕೆಯಲ್ಲಿ ಅವರ ಬಗ್ಗೆಯೇ ಬರೆಯೋಣ. ನಿಮಗೆ ಕನ್ನಡ ಕಲಿಸಿದವರ ನೆನಪನ್ನು ಅಕ್ಟೋಬರ್ 15ರ ಒಳಗೆ ಕಳುಹಿಸಿ. ಒಂದು ಪುಟ ಸಾಕು, ಜಾಸ್ತಿ ಆದರೂ ತೊಂದರೆ ಇಲ್ಲ. ಹಳೆ ಫೋಟೋ ಇದ್ದರೆ ಅದೂ ಬರಲಿ. ಕನ್ನಡ ಟೈಪಿಂಗ್ ಬರದವರು ಕೈಯಲ್ಲೇ ಬರೆದು ಮೊಬೈಲಿನಲ್ಲಿ ಫೋಟೋ ತೆಗೆದು ಕಳುಹಿಸಿ, ಟೈಪ್ ನಾವು ಮಾಡಿಕೊಳ್ಳುತ್ತೇವೆ.