18 ಕನ್ನಡಿಯ ಕೌದಿ ಮುಗಿಯಿತು

ನಿನ್ನೆ ರಾತ್ರಿ ಕೊನೆಯ ಗಂಟು ಹಾಕಿ ದಾರ ಕತ್ತರಿಸಿದೆ. ಹದಿನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಮೂರು ತಿಂಗಳು ಬಲ ಭುಜ ಹಿಡಿದುಕೊಂಡು ಸೂಜಿ ಎತ್ತಲೂ ಆಗಲಿಲ್ಲ. ಆಗ ಮಧ್ಯಾಹ್ನ ಬಂದು ಕೂತು, ನಾಲ್ಕು ನಾಲ್ಕು ಸಾಲು ಹೊಲಿದು ಹೋದ ನಮ್ಮ ಓಣಿಯ ಅಕ್ಕಂದಿರಿಗೆ ಮೊದಲ ನಮಸ್ಕಾರ. ಅವರ ಹೊಲಿಗೆ ನನ್ನದಕ್ಕಿಂತ ನೇರ. ಯಾರು ನೋಡಿದರೂ ಗೊತ್ತಾಗುತ್ತದೆ, ಮುಚ್ಚಿಡುವ ಹಾಗೇ ಇಲ್ಲ.

ಕೌದಿಯ ಮೇಲಿರುವುದು ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿ. 2021ರ ಡಿಸೆಂಬರ್ 25ರಂದು ಹಾರಿದ್ದು, ಈಗ ನಮ್ಮಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ಇದೆ. ಆರು ಮೂಲೆಯ 18 ತುಂಡು ಸೇರಿ 6.5 ಮೀಟರ್ ಅಗಲದ ಒಂದು ಕನ್ನಡಿ. ರಾಕೆಟ್ಟಿನಲ್ಲಿ ಹಿಡಿಸುವುದಿಲ್ಲವೆಂದು ಮಡಚಿ ಕಳಿಸಿದರು. ತುಂಡು ಕೂಡಿಸುವುದು, ಮಡಚಿಡುವುದು ನಮ್ಮ ಕೌದಿ ಕೆಲಸವೇ ಅಲ್ವಾ? ಪದರವೂ ಇದೆ. ಕೂದಲಿನಷ್ಟು ತೆಳುವಾದ ಐದು ಪದರದ ಬಿಸಿಲು ಪರದೆ. ನಮ್ಮದು ಬೆಚ್ಚಗಿಡುತ್ತದೆ, ಅದು ತಣ್ಣಗಿಡುತ್ತದೆ. ಈ ದೂರದರ್ಶಕ ನೋಡುವುದು ನಮ್ಮ ಕಣ್ಣಿಗೆ ಕಾಣದ, ಬಿಸಿ ವಸ್ತುಗಳಿಂದ ಹೊಮ್ಮುವ ಅವಗೆಂಪು ಬೆಳಕು. ಅದೇ ಬೆಚ್ಚಗಾದರೆ ಅದರ ಕಣ್ಣಿಗೆ ತನ್ನದೇ ಬಿಸಿ ಕಾಣುತ್ತದೆ, ದೂರದ ನಕ್ಷತ್ರ ಮಸುಕಾಗುತ್ತದೆ.

ಕನ್ನಡಿಗೆ ಚಿನ್ನದ ಲೇಪ, ಎಲ್ಲ ಸೇರಿ ಸುಮಾರು 48 ಗ್ರಾಂ. ನಾಲ್ಕು ತೊಲ! ನಮ್ಮ ಕಡೆ ಮದುವೆಗೆ ಇದಕ್ಕಿಂತ ಜಾಸ್ತಿ ಕೇಳುತ್ತಾರೆ.

ನನ್ನ ಚಿನ್ನ ಅವ್ವನ ಅರಿಷಿಣ ಬಣ್ಣದ ಸೀರೆ. ಸುತ್ತಲಿನ ಆಕಾಶ ಅವಳ ಕಪ್ಪು ಚಂದ್ರಕಾಳಿ ಸೀರೆ. ಅವ್ವ ಹೋದ ಮೇಲೆ ಎರಡನ್ನೂ ಮುಟ್ಟಿರಲಿಲ್ಲ. ಕತ್ತರಿ ಹಿಡಿದು ಒಂದು ವಾರ ಸುಮ್ನೆ ಕೂತಿದ್ದೆ. "ಟ್ರಂಕಿನ್ಯಾಗ ಇಟ್ರ ನುಸಿ ತಿಂತಾವು. ಅಕ್ಕ ಇದ್ದಿದ್ರ ಆಕೀನ ಹರೀತಿದ್ಲು" ಎಂದು ಮೊದಲ ಸೀಳು ಹಾಕಿದವಳು ಚಿಗವ್ವ. ಚಿಗವ್ವ, ಆ ಹರಿಯುವ ಸದ್ದು ಇನ್ನೂ ಕಿವಿಯಲ್ಲಿದೆ.

ಮೊದಲು 19 ತುಂಡು ಜೋಡಿಸಿದ್ದೆ. ಪಕ್ಕದ ಮನೆಯ ಎಂಟನೇ ತರಗತಿ ಹುಡುಗಿ ಎಣಿಸಿ, "ಆಂಟಿ, ನಡುವಿಂದು ಇರಲ್ಲ" ಎಂದಳು. ಹೌದು. ಬೆಳಕು ಎದುರಿನ ಪುಟ್ಟ ಕನ್ನಡಿಗೆ ಬಡಿದು, ತಿರುಗಿ ಬಂದು, ಆ ಖಾಲಿ ಜಾಗದಿಂದಲೇ ಒಳಗೆ ಹೋಗಬೇಕು. ಎರಡು ದಿನದ ಹೊಲಿಗೆ ಬಿಚ್ಚಿ ಅಲ್ಲಿ ಚಂದ್ರಕಾಳಿ ಇಟ್ಟೆ. ಆಗ ಸಿಟ್ಟು ಬಂದಿತ್ತು ಪುಟ್ಟಿ, ಈಗ ಥ್ಯಾಂಕ್ಸ್. ಬಿಚ್ಚಿದ ಹಳದಿ ತುಂಡು ಅವಳ ಪೆನ್ಸಿಲ್ ಚೀಲವಾಗಿದೆ.

ಅಂಚಿನ ಬಣ್ಣ 2022ರ ಜುಲೈಯಲ್ಲಿ ಬಂದ ಕರೀನಾ ನೀಹಾರಿಕೆಯ, ಅಂದರೆ ಆಕಾಶದ ಒಂದು ಅನಿಲ-ದೂಳಿನ ಮೋಡದ, ಚಿತ್ರದ್ದು. ದೂರದರ್ಶಕದಿಂದ ಬರುವ ಚಿತ್ರ ಕಪ್ಪು ಬಿಳುಪು. ಬೆಳಕಿನ ಉದ್ದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಎಂದು ಕೂತು ಬಣ್ಣ ಕೊಟ್ಟವರು ಜೋ ಡಿಪಾಸ್ಕ್ವಾಲೆ ಮತ್ತು ಅಲಿಸಾ ಪೇಗನ್. ನಮ್ಮ ಓಣಿ ಅವರಿಗೆ ಗೊತ್ತಿಲ್ಲ. ಆದರೂ ಅವರಿಗೊಂದು ನಮಸ್ಕಾರ. ಚೂರುಬಟ್ಟೆ ಕೂಡಿಟ್ಟು ಕೊಟ್ಟ ಟೈಲರ್ ಅಣ್ಣನಿಗೂ.

ಬೆಲೆ ಕೇಳಿದವರಿಗೆ: ಇದನ್ನು ಮಾರುವುದಿಲ್ಲ, ಹೊದೆಯುತ್ತೇನೆ. ಮುಂದಿನ ಕೌದಿಗೆ ಹಳೆಯ ನೀಲಿ ನೂಲಿನ ಸೀರೆ ಬೇಕು. ಮನೆಯಲ್ಲಿದ್ದರೆ ಎತ್ತಿಡಿ, ಬಂದು ಒಯ್ಯುತ್ತೇನೆ.